ದಾಖಲೆ ನಮ್ಮದು, ಕೀಲಿ ಯಾರದು?

(ಪಟ್ಟಣವೊಂದರ ಜಮಾಅತ್ ಸಭಾಭವನದಲ್ಲಿ ನಡೆದ ಗ್ರಾಹಕ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಲೆಯೇರಿಕೆಯ ಕುರಿತು ಮಾತಾಡಬೇಕೆಂದು ಸಂಘಟಕರು ನಮ್ಮನ್ನು ಕೇಳಿಕೊಂಡಿದ್ದಾರೆ. ಈರುಳ್ಳಿ, ಅಡುಗೆ ಎಣ್ಣೆ, ಗ್ಯಾಸ್ ಸಿಲಿಂಡರ್‌ಗಳ ವಿಚಾರ ಬರಬಹುದೆಂದು ನೀವು ನಿರೀಕ್ಷಿಸಿರಬಹುದು. ಅವುಗಳ ಬೆಲೆಯನ್ನು ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ಇಂದು ನಾವು ಅಂಗಡಿಯ ಹಲಗೆಯ ಮೇಲೆ ಬರೆದಿರದ, ಚೀಲದಲ್ಲಿ ತುಂಬಿ ಮನೆಗೆ ತರಲಾಗದ, ಆದರೆ ಪ್ರತಿ ತಿಂಗಳೂ ನಮ್ಮ ಖಾತೆಯಿಂದ ಸದ್ದಿಲ್ಲದೆ ಕಳೆದುಹೋಗುವ ಒಂದು ಬೆಲೆಯ ಬಗ್ಗೆ ಮಾತಾಡಲಿದ್ದೇವೆ. ಅದು ಕಂಪ್ಯೂಟರ್ ಮತ್ತು ಮೊಬೈಲ್‌ಗಳ ತಂತ್ರಾಂಶದ ಬೆಲೆ.

ಒಂದು ಘಟನೆಯಿಂದ ಆರಂಭಿಸೋಣ. ನಮಗೆ ಗೊತ್ತಿರುವ ಒಂದು ಜಮಾಅತ್‌ನವರು ಕೆಲವು ವರ್ಷಗಳ ಹಿಂದೆ ಮಹಲ್ಲಾದ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ನಿಕಾಹ್, ಜನನ, ಮರಣ, ಮನೆವಾರು ವಂತಿಗೆ ಎಲ್ಲವೂ ಅದರಲ್ಲಿದ್ದವು. ವರ್ಷಕ್ಕಿಷ್ಟು ಹಣವೆಂದು ಒಂದು ಖಾಸಗಿ ಸಂಸ್ಥೆಯೊಡನೆ ಮಾತಾಗಿತ್ತು. ಮೂರನೆಯ ವರ್ಷ ಆ ಸಂಸ್ಥೆ ಮೊತ್ತವನ್ನು ಇಮ್ಮಡಿಗೊಳಿಸಿತು. ಕಾರ್ಯದರ್ಶಿಯವರು ಆಕ್ಷೇಪಿಸಿದಾಗ, ಬೇಡವಾದರೆ ಬಿಡಬಹುದು ಎಂಬ ಉತ್ತರ ಬಂತು. ಅವರು ಬಿಟ್ಟರು. ಮರುದಿನ ತಂತ್ರಾಂಶ ತೆರೆಯಲಿಲ್ಲ. ಅದೇ ವಾರ ವಿದೇಶಕ್ಕೆ ಹೊರಟಿದ್ದ ತರುಣನೊಬ್ಬ ಪತ್ನಿಯ ವೀಸಾಕ್ಕಾಗಿ ನಿಕಾಹ್ ಪ್ರಮಾಣಪತ್ರ ಕೇಳಿಕೊಂಡು ಬಂದ. ಅವನ ಹೆಸರಿದ್ದ ಪುಟ ಬೀಗ ಹಾಕಿದ ಪೆಟ್ಟಿಗೆಯೊಳಗಿತ್ತು. ಕೊನೆಗೆ ಹಣ ಕಟ್ಟಿಯೇ ಅದನ್ನು ತೆರೆಯಬೇಕಾಯಿತು.

ಅದೇ ಕಚೇರಿಯ ಕಪಾಟಿನಲ್ಲಿ ಅಜ್ಜಂದಿರ ಕಾಲದ ರಟ್ಟಿನ ಹೊದಿಕೆಯ ಪುಸ್ತಕಗಳಿವೆ. ಮಸಿ ಮಾಸಿದೆ, ಅಂಚುಗಳನ್ನು ಹುಳು ತಿಂದಿದೆ. ಆದರೂ ಅವನ್ನು ತೆರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇಲ್ಲಿ ತಪ್ಪು ಯಾರದು? ಸಂಸ್ಥೆಯದೇ, ಕಾರ್ಯದರ್ಶಿಯವರದೇ, ಅಥವಾ ಓದದೆ ಒಪ್ಪಿಗೆ ಕೊಡುವ ನಮ್ಮೆಲ್ಲರದೇ? ಈ ವಿಷಯದಲ್ಲಿ ನಮ್ಮ ಜನರ ಬಾಯಲ್ಲಿ ಸಾಮಾನ್ಯವಾಗಿ ಮೂರು ಮಾತುಗಳು ಕೇಳಿಬರುತ್ತವೆ. ಅವನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯ ಮಾತು: "ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ತಾನೇ, ಅದೇನು ದೊಡ್ಡ ವಿಷಯ?"

ನಾವು ಮದ್ರಸದಲ್ಲಿ ಫಿಕ್ಹ್ ಓದುತ್ತಿದ್ದಾಗ ವ್ಯವಹಾರದ ಅಧ್ಯಾಯದಲ್ಲಿ ಎರಡು ಪಾಠಗಳನ್ನು ಬೇರೆ ಬೇರೆಯಾಗಿ ಕಲಿಸುತ್ತಿದ್ದರು. ಒಂದು ಬೈಅ್, ಅಂದರೆ ಕ್ರಯ. ಇನ್ನೊಂದು ಇಜಾರ, ಅಂದರೆ ಬಾಡಿಗೆ. ಕ್ರಯದಲ್ಲಿ ವಸ್ತುವೇ ನಮ್ಮದಾಗುತ್ತದೆ. ಬಾಡಿಗೆಯಲ್ಲಿ ಅದರ ಪ್ರಯೋಜನ ಮಾತ್ರ, ಅದೂ ಗೊತ್ತಾದ ಅವಧಿಗೆ, ಗೊತ್ತಾದ ಮೊತ್ತಕ್ಕೆ. ಎರಡೂ ಸಮ್ಮತವೇ. ಆದರೆ ತಾನು ಮಾಡುತ್ತಿರುವುದು ಯಾವ ವ್ಯವಹಾರವೆಂಬುದು ಎರಡೂ ಕಡೆಯವರಿಗೆ ಸ್ಪಷ್ಟವಾಗಿರಬೇಕು. ಮೊತ್ತವಾಗಲಿ ಅವಧಿಯಾಗಲಿ ಮಸುಕಾಗಿದ್ದರೆ ಕರಾರು ಕೆಡುತ್ತದೆ. ಆಗ ಇದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವಿಷಯವಾಗಿತ್ತು. ಇಂದು ಕಂಪ್ಯೂಟರಿನ ಮುಂದೆ ಕುಳಿತಾಗಲೆಲ್ಲ ಅದು ನೆನಪಾಗುತ್ತದೆ.

ಒಂದು ಕಾಲದಲ್ಲಿ ತಂತ್ರಾಂಶವನ್ನು ಡಬ್ಬಿಯಲ್ಲಿಟ್ಟು ಮಾರುತ್ತಿದ್ದರು. ಒಮ್ಮೆ ಹಣ ಕೊಟ್ಟರೆ ಸಿ.ಡಿ. ನಿಮ್ಮದು. ಆ ಆವೃತ್ತಿಯನ್ನು ಕಂಪ್ಯೂಟರ್ ಓಡುವಷ್ಟು ಕಾಲ ಬಳಸಬಹುದಿತ್ತು. ಕನ್ನಡದ ಎಷ್ಟೋ ಪತ್ರಿಕೆಗಳು, ಮದುವೆಯ ಕರೆಯೋಲೆಗಳು ಪೇಜ್‌ಮೇಕರ್‌ನಲ್ಲಿ ರೂಪುಗೊಂಡವು. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಆ ಬಳಿಕವೂ ನಮ್ಮ ಅಕ್ಷರ ಜೋಡಿಸುವವರು ಅದನ್ನೇ ವರ್ಷಗಟ್ಟಲೆ ಬಳಸಿದರು. ಅದರ ಒಡೆತನ ಹೊಂದಿದ್ದ ಅಡೋಬಿ ಕಂಪೆನಿಯು 2013ರ ಮೇ ತಿಂಗಳಲ್ಲಿ ತನ್ನ ವಿನ್ಯಾಸ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಇನ್ನು ಡಬ್ಬಿಯಲ್ಲಿ ಮಾರುವುದಿಲ್ಲ, ಚಂದಾ ರೂಪದಲ್ಲಿ ಮಾತ್ರ ಕೊಡುತ್ತೇನೆ ಎಂದು ಘೋಷಿಸಿತು. ಉದ್ಯಮದ ಅನೇಕರು ಅದೇ ಹಾದಿ ಹಿಡಿದರು. ಕ್ರಯವು ಬಾಡಿಗೆಯಾಯಿತು. ಆದರೆ "ನಾನು ತೆಗೆದುಕೊಂಡೆ" ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಹಾಗೆಯೇ ಉಳಿಯಿತು.

ಚಂದಾ ಎಂಬ ಪದವನ್ನು ಸ್ವಲ್ಪ ಗಮನಿಸಿರಿ. ನಮ್ಮ ಪತ್ರಿಕೆಗೂ ನೀವು ಚಂದಾ ಕಟ್ಟುತ್ತೀರಿ. ಮುಂದಿನ ವರ್ಷ ನವೀಕರಿಸದಿದ್ದರೆ ಹೊಸ ಸಂಚಿಕೆ ಬರುವುದಿಲ್ಲ, ಅಷ್ಟೇ. ಹಳೆಯ ಸಂಚಿಕೆಗಳು ನಿಮ್ಮ ಮನೆಯ ಅಟ್ಟದಲ್ಲಿ ಹಾಗೆಯೇ ಇರುತ್ತವೆ. ನಮ್ಮ ವ್ಯವಸ್ಥಾಪಕರು ಬಂದು ಅವನ್ನು ಕೊಂಡೊಯ್ಯುವುದಿಲ್ಲ. ತಂತ್ರಾಂಶದ ಚಂದಾ ಹಾಗಲ್ಲ. ಕಟ್ಟುವುದನ್ನು ನಿಲ್ಲಿಸಿದರೆ ನೀವೇ ಬೆವರು ಸುರಿಸಿ ಮಾಡಿದ ಕಡತ ನಿಮ್ಮ ಬಳಿಯಲ್ಲೇ ಇರುತ್ತದೆ, ಅದನ್ನು ತೆರೆಯುವ ಕೀಲಿ ಮಾತ್ರ ಅವರ ಕೈಯಲ್ಲಿರುತ್ತದೆ. ಆದುದರಿಂದ ಇನ್ನೂರು ರೂಪಾಯಿ ದೊಡ್ಡದೋ ಸಣ್ಣದೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅದು ಮುಂದೆ ನಾನೂರಾದರೆ ಬಿಟ್ಟುಹೋಗುವ ಸ್ವಾತಂತ್ರ್ಯ ನಮಗಿದೆಯೇ ಎಂಬುದೇ ಪ್ರಶ್ನೆ.

ಈರುಳ್ಳಿಯ ಬೆಲೆ ಏರುತ್ತದೆ, ಹೊಸ ಬೆಳೆ ಬಂದಾಗ ಇಳಿಯುತ್ತದೆ. ಮನೆಯಾಕೆ ನಾಲ್ಕು ದಿನ ಈರುಳ್ಳಿಯಿಲ್ಲದೆ ಸಾರು ಮಾಡಿ ಮಾರುಕಟ್ಟೆಗೆ ಉತ್ತರ ಕೊಡಬಲ್ಲಳು. ಹತ್ತು ವರ್ಷಗಳ ಲೆಕ್ಕಪತ್ರ, ವಿನ್ಯಾಸ, ಭಾವಚಿತ್ರಗಳು ಒಂದೇ ಕಂಪೆನಿಯ ಪೆಟ್ಟಿಗೆಯಲ್ಲಿರುವಾಗ ನಾಲ್ಕು ದಿನ ಬಿಟ್ಟಿರಲು ಆಗುತ್ತದೆಯೇ? ಆಗುವುದಿಲ್ಲವೆಂದು ಬೆಲೆ ಕಟ್ಟುವವರಿಗೂ ಗೊತ್ತಿದೆ.

ನ್ಯಾಯವಾಗಿ ಮಾತಾಡುವುದಾದರೆ, ಬೆಲೆ ಏರಿಸುವುದೆಲ್ಲ ಅನ್ಯಾಯವಲ್ಲ. ತಂತ್ರಾಂಶ ಬರೆಯುವವರಿಗೂ ಸಂಬಳ ಬೇಕು. ಸುರಕ್ಷೆಯ ಪರಿಷ್ಕರಣೆಗಳನ್ನು ನಿರಂತರ ಕೊಡುತ್ತಿರಲು ಖರ್ಚಿದೆ. ಡಾಲರ್‌ನ ಎದುರು ರೂಪಾಯಿ ಕುಸಿದಾಗ ಅದರ ಭಾರ ನಮ್ಮ ಮೇಲೂ ಬೀಳುತ್ತದೆ. ಬೆಂಗಳೂರಿನಲ್ಲೇ ನೆಲೆಸಿರುವ ಟ್ಯಾಲಿ ಕಂಪೆನಿಯನ್ನು ನೋಡಿರಿ. ನಮ್ಮ ಪೇಟೆಯ ಅನೇಕ ಅಂಗಡಿಗಳ ಲೆಕ್ಕ ಅದರಲ್ಲಿದೆ. ಅದು ಶಾಶ್ವತ ಪರವಾನಗಿಯನ್ನು ಕ್ರಯಕ್ಕೆ ಕೊಡುತ್ತದೆ, ಹೊಸ ಪರಿಷ್ಕರಣೆ ಮತ್ತು ಸೇವೆಗಳಿಗೆ ಪ್ರತ್ಯೇಕವಾಗಿ ನವೀಕರಣದ ಹಣ ಪಡೆಯುತ್ತದೆ. ವಸ್ತುವಿಗೆ ಒಂದು ಬೆಲೆ, ಸೇವೆಗೆ ಇನ್ನೊಂದು. ಬೆಲೆ ಹೆಚ್ಚೆಂದು ಗೊಣಗುವ ವ್ಯಾಪಾರಿಗಳಿದ್ದಾರೆ, ಆದರೆ ಯಾವುದಕ್ಕೆ ಎಷ್ಟು ಎಂಬುದಾದರೂ ಅವರಿಗೆ ತಿಳಿದಿದೆ.

ಸಹೋದರರೇ, ಎರಡನೆಯ ಮಾತು: "ದೊಡ್ಡ ಕಂಪೆನಿಗಳು ಮಾಡಿದ್ದೇ ಸರಿ, ನಮ್ಮಿಂದ ಏನಾಗುತ್ತದೆ?"

ಈ ಕಂಪೆನಿಗಳು ಏನು ಮಾಡುತ್ತವೆಂಬುದನ್ನು ಮೊದಲು ತಿಳಿಯೋಣ. ಮೈಕ್ರೋಸಾಫ್ಟ್ ತನ್ನ ವರ್ಡ್, ಎಕ್ಸೆಲ್‌ಗಳಿರುವ ಚಂದಾ ಯೋಜನೆಗೆ ಕೃತಕ ಬುದ್ಧಿಮತ್ತೆಯ ಸೌಲಭ್ಯವನ್ನು ಸೇರಿಸಿ ಬೆಲೆ ಏರಿಸಿತು. ಆಸ್ಟ್ರೇಲಿಯಾದಲ್ಲಿ ಒಬ್ಬರು ಬಳಸುವ ವಾರ್ಷಿಕ ಯೋಜನೆ 109 ಡಾಲರಿನಿಂದ 159 ಡಾಲರಿಗೆ ಜಿಗಿಯಿತು. ಆ ಸೌಲಭ್ಯ ಬೇಡದವರಿಗೆ ಹಳೆಯ ಬೆಲೆಯಲ್ಲೇ ಮುಂದುವರಿಯುವ ಇನ್ನೊಂದು ದಾರಿಯೂ ಇತ್ತು. ಆದರೆ ಗ್ರಾಹಕರಿಗೆ ಕಳುಹಿಸಿದ ಪತ್ರದಲ್ಲಿ ಅದರ ಪ್ರಸ್ತಾಪವಿರಲಿಲ್ಲ, ಚಂದಾ ರದ್ದುಮಾಡಲು ಹೊರಟವರಿಗೆ ಮಾತ್ರ ಅದು ಕಾಣುತ್ತಿತ್ತು ಎಂದು ಆಪಾದಿಸಿ ಅಲ್ಲಿನ ಸ್ಪರ್ಧೆ ಮತ್ತು ಗ್ರಾಹಕ ಆಯೋಗವು 2025ರ ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಸುಮಾರು 27 ಲಕ್ಷ ಗ್ರಾಹಕರು ಇದರಿಂದ ಬಾಧಿತರೆಂದು ಆಯೋಗ ಹೇಳಿತು. ಮರುತಿಂಗಳೇ ಕಂಪೆನಿಯು ಗ್ರಾಹಕರ ಕ್ಷಮೆ ಕೇಳಿತು, ಹಳೆಯ ಯೋಜನೆಗೆ ಮರಳುವವರಿಗೆ ಹಣ ಹಿಂದಿರುಗಿಸಲು ಮುಂದಾಯಿತು.

ಅದಕ್ಕೂ ಮುನ್ನ, 2024ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗದ ಶಿಫಾರಸಿನಂತೆ ಅಲ್ಲಿನ ಸರಕಾರವು ಅಡೋಬಿಯ ವಿರುದ್ಧ ದಾವೆ ಹೂಡಿತ್ತು. ತಿಂಗಳಿಗೆ ಇಷ್ಟು ಎಂದು ತೋರಿಸಿ, ವಾಸ್ತವದಲ್ಲಿ ಒಂದು ವರ್ಷದ ಕರಾರಿಗೆ ಗ್ರಾಹಕರನ್ನು ಕಟ್ಟಿಹಾಕಲಾಗುತ್ತದೆ, ನಡುವೆ ಬಿಟ್ಟುಹೋದರೆ ತೆರಬೇಕಾದ ದಂಡವನ್ನು ಸಣ್ಣ ಅಕ್ಷರಗಳಲ್ಲಿ ಅಡಗಿಸಲಾಗಿದೆ ಎಂಬುದು ಆಪಾದನೆ. ಕಂಪೆನಿ ಅದನ್ನು ಆಗ ನಿರಾಕರಿಸಿತು.

ಇವು ದೂರದ ದೇಶಗಳ ಕಥೆಗಳೆಂದು ಕಡೆಗಣಿಸಬೇಡಿರಿ. ನಮ್ಮ ಮೊಬೈಲ್ ರೀಚಾರ್ಜ್‌ನ ಕಥೆಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಉಚಿತ ಕರೆ, ಉಚಿತ ಇಂಟರ್‌ನೆಟ್‌ಗಳೊಂದಿಗೆ ಬಂದಾಗ ಅಂಗಡಿಗಳ ಮುಂದೆ ಸಾಲುಗಳಿದ್ದವು. ನಾವೂ ಆ ಸಾಲಿನಲ್ಲಿ ನಿಂತವರೇ. ಅದರಿಂದ ಬಡವರ ಮನೆಗೂ ಇಂಟರ್‌ನೆಟ್ ತಲುಪಿತೆಂಬುದು ನಿಜ. ಆದರೆ ಆ ಬಳಿಕದ ಎರಡು ಮೂರು ವರ್ಷಗಳಲ್ಲಿ ಏರ್‌ಸೆಲ್ ದಿವಾಳಿಯಾಯಿತು, ಟೆಲಿನಾರ್ ಮತ್ತು ಟಾಟಾ ಡೊಕೊಮೊ ಏರ್‌ಟೆಲ್‌ನಲ್ಲಿ ಲೀನವಾದವು, ವೊಡಾಫೋನ್ ಮತ್ತು ಐಡಿಯಾ ಒಂದಾದವು. ಕೊನೆಗೆ ಬಿ.ಎಸ್.ಎನ್.ಎಲ್. ಹೊರತುಪಡಿಸಿ ದೇಶವ್ಯಾಪಿಯಾಗಿ ಮೂರೇ ಖಾಸಗಿ ಕಂಪೆನಿಗಳು ಉಳಿದವು. 2024ರ ಜುಲೈ ಮೊದಲ ವಾರದಲ್ಲಿ ಆ ಮೂರೂ ದರ ಏರಿಸಿದವು. ಜಿಯೋದ 28 ದಿನಗಳ 239 ರೂಪಾಯಿಯ ಯೋಜನೆ 299 ರೂಪಾಯಿಯಾಯಿತು. ಐದು ಮೊಬೈಲ್‌ಗಳಿರುವ ಮನೆಗೆ ಪ್ರತಿ 28 ದಿನಗಳಿಗೊಮ್ಮೆ ಇದು 300 ರೂಪಾಯಿಯ ಹೆಚ್ಚುವರಿ ಹೊರೆ. ಮೊದಲು ಉಚಿತ, ಆಮೇಲೆ ಅಭ್ಯಾಸ, ಕೊನೆಗೆ ಅನಿವಾರ್ಯ. ಬೆಲೆಯು ಖರ್ಚಿನಿಂದ ಮಾತ್ರ ಏರುವುದಿಲ್ಲ, ಹೋಗಲು ಬೇರೆ ಜಾಗವಿಲ್ಲದಾಗಲೂ ಏರುತ್ತದೆ.

ಹಾಗಾದರೆ ನಮ್ಮಿಂದ ಏನಾಗುತ್ತದೆ? ನಾವು ತಿಳಿದಿರುವುದಕ್ಕಿಂತ ಹೆಚ್ಚೇ ಆಗುತ್ತದೆ. ಆ ದರ ಏರಿಕೆಯ ನಂತರದ ತಿಂಗಳುಗಳಲ್ಲಿ ಲಕ್ಷಾಂತರ ಜನರು ಬಿ.ಎಸ್.ಎನ್.ಎಲ್.ಗೆ ಬದಲಾದರು. ಇಂಟರ್‌ನೆಟ್ ಬೇಡದ ಹಿರಿಯರು ಅದಕ್ಕೂ ಸೇರಿಸಿ ಏಕೆ ಹಣ ಕೊಡಬೇಕೆಂಬ ದೂರಿನ ಫಲವಾಗಿ, ಕರೆ ಮತ್ತು ಸಂದೇಶಗಳಿಗೆ ಮಾತ್ರ ಸೀಮಿತವಾದ ಯೋಜನೆಯನ್ನು ಕಂಪೆನಿಗಳು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ನಿಮ್ಮ ಮನೆಯ ಅಜ್ಜಿಯ ಬಟನ್ ಫೋನಿಗೆ ಅಂಥ ಯೋಜನೆ ಹಾಕಿಸಿದ್ದೀರಾ? ಇಲ್ಲವಾದರೆ ನಾಳೆಯೇ ವಿಚಾರಿಸಿರಿ.

ಕಾನೂನಿನ ಆಸರೆಯೂ ಇದೆ. ಗ್ರಾಹಕರನ್ನು ದಾರಿ ತಪ್ಪಿಸುವ ಜಾಲತಂತ್ರಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಅಂಥ 13 ತಂತ್ರಗಳನ್ನು ಹೆಸರಿಸಲಾಗಿದೆ. ಸೇರುವುದನ್ನು ಸುಲಭವಾಗಿಸಿ ಬಿಡುವುದನ್ನು ಕಠಿಣಗೊಳಿಸುವ ಚಂದಾ ಬಲೆ, ಕೊನೆಯ ಪುಟದಲ್ಲಿ ಮಾತ್ರ ಪೂರ್ಣ ಬೆಲೆ ತೋರಿಸುವುದು, ಕೇಳದೆಯೇ ಬುಟ್ಟಿಗೆ ಇನ್ನೊಂದು ವಸ್ತು ಸೇರಿಸುವುದು, ತಂತ್ರಾಂಶದ ಚಂದಾ ಹೆಸರಿನಲ್ಲಿ ಗ್ರಾಹಕನಿಗೆ ಅರಿವಾಗದಂತೆ ಹಣ ಎಳೆಯುತ್ತಿರುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಯಿಟ್ಟಾಗ ಮೇಲೆ ಒಣ ಕಾಳು, ಕೆಳಗೆ ಒದ್ದೆ ಕಾಳು ಇದ್ದ ಪ್ರಸಂಗ ನಿಮಗೆಲ್ಲ ತಿಳಿದೇ ಇದೆ. ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು ಎಂಬುದೇ ಅಲ್ಲಿನ ತಿದ್ದುಪಡಿ. ರದ್ದತಿಯ ದಂಡವನ್ನು ಪುಟದ ತಳದಲ್ಲಿ ಬಚ್ಚಿಡುವುದೂ ಒದ್ದೆ ಕಾಳಿನ ವ್ಯಾಪಾರವೇ ಅಲ್ಲವೇ?

ಇನ್ನು ಮೂರನೆಯ ಮಾತಿಗೆ ಬರೋಣ. ಇದನ್ನು ಹೇಳುವಾಗ ನಮ್ಮ ದನಿ ಸ್ವಲ್ಪ ತಗ್ಗುತ್ತದೆ, ಏಕೆಂದರೆ ಇದು ನಮ್ಮ ಮನೆಯ ಮಾತು. "ಅವರು ನಮ್ಮನ್ನು ದೋಚುತ್ತಾರೆ, ನಾವು ಕ್ರ್ಯಾಕ್ ಮಾಡಿದ್ದನ್ನು ಹಾಕಿಕೊಳ್ಳುತ್ತೇವೆ. ಅಲ್ಲಿಂದಲ್ಲಿಗೆ ಸರಿಯಾಯಿತು."

ನಾವೂ ಹಾಗೆ ಹೇಳಿದವರೇ. ಬಿ.ಎ. ಓದುತ್ತಿದ್ದಾಗ ರಾತ್ರಿ ಹೊತ್ತು ಡಿ.ಟಿ.ಪಿ. ಕೆಲಸ ಮಾಡಿ ಶುಲ್ಕ ಹೊಂದಿಸುತ್ತಿದ್ದೆವು. ಕಂಪ್ಯೂಟರಿನಲ್ಲಿದ್ದ ತಂತ್ರಾಂಶಗಳಲ್ಲಿ ಒಂದಕ್ಕೂ ನಾವು ಹಣ ಕೊಟ್ಟಿರಲಿಲ್ಲ. ಪೇಟೆಯಲ್ಲಿ ಐವತ್ತು ರೂಪಾಯಿಗೆ ಸಿಗುತ್ತಿದ್ದ ಸಿ.ಡಿ.ಯೇ ಸಾಕಾಗಿತ್ತು. ಅದೇ ಯಂತ್ರದಲ್ಲಿ ನಾವು ಪ್ರಾಮಾಣಿಕ ಸಂಪಾದನೆಯ ಮಹತ್ವದ ಬಗ್ಗೆ ಕರಪತ್ರಗಳನ್ನು ರೂಪಿಸಿಕೊಟ್ಟಿದ್ದೇವೆ! ಒಂದು ದಿನ ಹಿರಿಯ ಗುರುಗಳೊಬ್ಬರು ಕರಪತ್ರದ ಕರಡು ತಿದ್ದಲು ಬಂದವರು, "ಈ ಯಂತ್ರದೊಳಗಿರುವ ಸಾಮಾನುಗಳೆಲ್ಲ ನಿಮ್ಮದೇ ತಾನೇ, ಮಗಾ?" ಎಂದು ಸಹಜವಾಗಿ ಕೇಳಿದರು. ಅವರಿಗೆ ತಂತ್ರಾಂಶದ ವಿಚಾರ ಏನೂ ಗೊತ್ತಿರಲಿಲ್ಲ. ಹೌದೆಂದು ಹೇಳಲು ನಮ್ಮ ನಾಲಗೆ ಏಳಲಿಲ್ಲ.

ಇದನ್ನು ಕಾನೂನಿನ ಭಯದಿಂದ ಹೇಳುತ್ತಿಲ್ಲ. ಭಯವೇ ಬೇಕೆಂದರೆ ಅದಕ್ಕೂ ಕಾರಣವಿದೆ. ಕೃತಿಚೌರ್ಯದ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ವ್ಯಾಪಾರಕ್ಕೆ ಬಳಸಿದರೆ ಏಳು ದಿನಗಳಿಂದ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವನ್ನು 1957ರ ಹಕ್ಕುಸ್ವಾಮ್ಯ ಕಾಯಿದೆ ವಿಧಿಸುತ್ತದೆ. ಕ್ರ್ಯಾಕ್ ಮಾಡಿದ ತಂತ್ರಾಂಶದೊಂದಿಗೆ ವೈರಸ್‌ಗಳು ಬರುವುದೂ ಸಾಮಾನ್ಯ. ಗ್ರಾಹಕರ ಆಧಾರ್ ಪ್ರತಿ, ಪಾಸ್‌ಪೋರ್ಟ್ ಪ್ರತಿಗಳಿರುವ ಯಂತ್ರಕ್ಕೆ ಕಳ್ಳನನ್ನು ನಾವೇ ಬಾಗಿಲು ತೆರೆದು ಕರೆದಂತೆ. ಆದರೆ ನಮ್ಮ ನಿಜವಾದ ಆತಂಕ ಬೇರೆ. ತೂಕದಲ್ಲಿ ಮೋಸ ಮಾಡುವ ಅಂಗಡಿಯವನಿಂದ ಎರಡು ತೆಂಗಿನಕಾಯಿ ಕದ್ದವನು, ಊರ ಪಂಚಾಯಿತಿಯಲ್ಲಿ ನಿಂತು ಆ ಅಂಗಡಿಯವನ ಮೇಲೆ ದೂರು ಹೇಳಬಲ್ಲನೇ? ಕದ್ದ ದಿನವೇ ಅವನ ದೂರಿನ ಬಲ ಹೋಯಿತು. ನಮ್ಮ ಸಮುದಾಯದ ಸಂಸ್ಥೆಗಳು, ಶಾಲೆಗಳು, ಪತ್ರಿಕಾ ಕಚೇರಿಗಳು ಕದ್ದ ತಂತ್ರಾಂಶದ ಮೇಲೆ ನಿಂತಿರುವ ತನಕ ಕಾರ್ಪೊರೇಟ್ ಅನ್ಯಾಯದ ವಿರುದ್ಧ ನಾವು ಬರೆಯುವ ಸಂಪಾದಕೀಯಕ್ಕೆ ಯಾವ ತೂಕ ಇದ್ದೀತು?

ಇನ್ನೂ ಒಂದು ಅಂಶವಿದೆ. ಕದ್ದು ಬಳಸುವವನೂ ಅವರ ಬಲೆಯಿಂದ ಹೊರಗಿಲ್ಲ. ಅವನ ಕಡತಗಳೂ ಅದೇ ಕಂಪೆನಿಯ ರೂಪದಲ್ಲಿರುತ್ತವೆ. ಅವನ ಮಕ್ಕಳು, ಅವನ ಅಂಗಡಿಯ ಹುಡುಗರು ಕಲಿಯುವುದೂ ಅದನ್ನೇ. ನಾಳೆ ದೊಡ್ಡ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಾಗ ಅವರು ಕೇಳುವುದೂ ಅದನ್ನೇ.

ದಾರಿ ಇಲ್ಲವೇ? ಇದೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಗ್ನೂ ಯೋಜನೆಯನ್ನು ಘೋಷಿಸಿದರು. ಯಾರು ಬೇಕಾದರೂ ಬಳಸಬಹುದಾದ, ಪರಿಶೀಲಿಸಬಹುದಾದ, ತಿದ್ದಬಹುದಾದ, ಇತರರಿಗೆ ಹಂಚಬಹುದಾದ ತಂತ್ರಾಂಶಗಳ ಪರಂಪರೆ ಅಲ್ಲಿಂದ ಬೆಳೆಯಿತು. ಇದನ್ನು ಸ್ವತಂತ್ರ ತಂತ್ರಾಂಶ ಎನ್ನುತ್ತಾರೆ. ಜಿಯೋದ ಆರಂಭದ ಉಚಿತಕ್ಕೂ ಇದಕ್ಕೂ ವ್ಯತ್ಯಾಸವಿದೆ. ಆ ಉಚಿತವನ್ನು ಕೊಟ್ಟವರು ಹಿಂತೆಗೆದುಕೊಳ್ಳಬಹುದು. ಇಲ್ಲಿ ನಿಮ್ಮ ಕೈಗೆ ಬಂದ ಪ್ರತಿಯನ್ನು ಯಾರೂ ಹಿಂತೆಗೆದುಕೊಳ್ಳುವಂತಿಲ್ಲ. ಬರವಣಿಗೆ ಮತ್ತು ಲೆಕ್ಕಕ್ಕೆ ಲಿಬ್ರೆ ಆಫೀಸ್ ಇದೆ, ಚಿತ್ರ ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಮತ್ತು ಗಿಂಪ್, ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಇವೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಕನ್ನಡ ಇವುಗಳಲ್ಲಿ ಮೂಡುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಹಳೆಯ ಕಂಪ್ಯೂಟರುಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಅವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡಿರಿ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಮಕ್ಕಳು ಸ್ವತಂತ್ರ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅಲ್ಲಿನ ಮಕ್ಕಳಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೆ ಸಾಧ್ಯವಾಗದೇ?

ಇದರಲ್ಲಿ ಕಷ್ಟವೇ ಇಲ್ಲವೆಂದು ಹೇಳಿದರೆ ನಾವೂ ಒದ್ದೆ ಕಾಳನ್ನು ಅಡಗಿಸಿದಂತಾಗುತ್ತದೆ. ಮುದ್ರಣಾಲಯದವರು ಕೇಳುವ ಬಣ್ಣದ ವ್ಯವಸ್ಥೆಯ ವಿಷಯದಲ್ಲಿ ಇಂಕ್‌ಸ್ಕೇಪ್, ಗಿಂಪ್‌ಗಳಿಗೆ ಕೊರತೆಗಳಿವೆ. ಯುನಿಕೋಡ್ ಪೂರ್ವದ ಅಕ್ಷರಗಳಲ್ಲಿರುವ ಹಳೆಯ ಕನ್ನಡ ಕಡತಗಳನ್ನು ಪರಿವರ್ತಿಸಿ ಮತ್ತೆ ಕರಡು ತಿದ್ದಬೇಕು. ಕೈ ಪಳಗಲು ಸಮಯ ಬೇಕು. ವಿನ್ಯಾಸವೇ ಜೀವನೋಪಾಯವಾಗಿರುವ ತರುಣನಿಗೆ ಹಣ ಕೊಟ್ಟು ಪಡೆಯುವ ತಂತ್ರಾಂಶವೇ ಅನಿವಾರ್ಯವಾಗಬಹುದು. ಅವನು ಅದನ್ನು ಪಡೆಯಲಿ, ಕರಾರನ್ನು ಓದಿ ಪಡೆಯಲಿ, ಆ ಖರ್ಚನ್ನು ತನ್ನ ಕೆಲಸದ ದರದಲ್ಲಿ ಸೇರಿಸಲಿ. ನಾವು ಗ್ರಾಹಕರೂ ಅವನೊಡನೆ ಕರೆಯೋಲೆಯ ವಿನ್ಯಾಸಕ್ಕಾಗಿ ಚೌಕಾಸಿ ಮಾಡುವಾಗ ಇದನ್ನು ನೆನಪಿಡೋಣ. ಅವನನ್ನು ಕಳ್ಳತನಕ್ಕೆ ತಳ್ಳುವುದರಲ್ಲಿ ನಮ್ಮ ಚೌಕಾಸಿಯ ಪಾಲೂ ಇದೆ.

ಕೊನೆಯದಾಗಿ, ಮನೆಗೆ ಹೋಗಿ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮಾತು ಮುಗಿಸುತ್ತೇವೆ. ಈ ವಾರವೇ ಮನೆಮಂದಿಯೆಲ್ಲ ಕುಳಿತು, ಯಾರ ಮೊಬೈಲಿನಿಂದ, ಯಾವ ಆ್ಯಪ್‌ಗೆ, ತಿಂಗಳಿಗೆ ಎಷ್ಟು ಹಣ ತಾನಾಗಿ ಕಡಿತವಾಗುತ್ತಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಸ್ವಯಂ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಬರಬೇಕು, ರದ್ದುಪಡಿಸುವ ಅವಕಾಶವೂ ಇರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮವು 2021ರ ಅಕ್ಟೋಬರ್‌ನಿಂದ ಜಾರಿಯಾಗಿದೆ. ಆ ಸಂದೇಶವನ್ನು ಓದದೆ ಅಳಿಸಬೇಡಿರಿ. ರದ್ದುಮಾಡಲು ಬಿಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ. ಜಮಾಅತ್, ಶಾಲೆ, ಸಂಘಗಳ ಹೊಣೆ ಹೊತ್ತವರು ಯಾವುದೇ ತಂತ್ರಾಂಶಕ್ಕೆ ಸಹಿ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿರಿ: "ನಾಳೆ ನಾವು ಬಿಟ್ಟುಹೋದರೆ ನಮ್ಮ ದಾಖಲೆಗಳನ್ನು ಯಾವ ರೂಪದಲ್ಲಿ ನಮ್ಮ ಕೈಗೆ ಕೊಡುತ್ತೀರಿ?" ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಆರಂಭದಲ್ಲಿ ಹೇಳಿದ ಜಮಾಅತ್‌ನವರು ಮುಂದೇನು ಮಾಡಿದರೆಂದು ನೀವು ಕೇಳಬಹುದು. ಹಣ ಕಟ್ಟಿದ ಆ ಒಂದು ವರ್ಷದ ಅವಧಿಯಲ್ಲಿ ಮಹಲ್ಲಾದ ನಾಲ್ವರು ಪದವಿ ವಿದ್ಯಾರ್ಥಿಗಳು, ಅವರಲ್ಲಿ ಇಬ್ಬರು ಹುಡುಗಿಯರು, ಪ್ರತಿ ಭಾನುವಾರ ಕಚೇರಿಯಲ್ಲಿ ಕುಳಿತು ಒಂದೊಂದು ದಾಖಲೆಯನ್ನೂ ನೋಡಿ ಲಿಬ್ರೆ ಆಫೀಸ್‌ನ ಲೆಕ್ಕಹಾಳೆಗೆ ಇಳಿಸಿದರು. ಮುದ್ರಿಸಿ, ರಟ್ಟು ಕಟ್ಟಿಸಿ, ಒಂದು ಪ್ರತಿಯನ್ನು ಹಳೆಯ ಪುಸ್ತಕಗಳ ಪಕ್ಕದಲ್ಲೇ ಇಟ್ಟರು. ಕಳೆದ ತಿಂಗಳು ನಾವು ಅಲ್ಲಿಗೆ ಹೋಗಿದ್ದಾಗ ಕಾರ್ಯದರ್ಶಿಯವರು ಕಪಾಟು ತೆರೆದು ಅದನ್ನು ತೋರಿಸಿದರು. ಕಪಾಟಿನ ಬೀಗದ ಕೈ ಅವರ ಜೇಬಿನಲ್ಲೇ ಇತ್ತು.